ಹಾಲು ಉಕ್ಕಿದ ಹೊತ್ತು

ಪರ್ತ್‌ನ ವಿಲೆಟನ್ ಬಡಾವಣೆಯಲ್ಲಿರುವ ನಮ್ಮವರ ಮನೆಗಳಲ್ಲಿ ಸತ್ಯಪ್ರಕಾಶನ ಹೆಸರೆತ್ತಿದರೆ ಸಾಕು, ಒಬ್ಬರಲ್ಲ ಒಬ್ಬರು ಕಿಸಕ್ಕನೆ ನಗುತ್ತಾರೆ. ಮನುಷ್ಯ ಕೆಟ್ಟವನೇನಲ್ಲ. ಆದರೆ ಹಬ್ಬದೂಟಕ್ಕೆ ಕರೆದರೆ ತಟ್ಟೆಯ ಮುಂದೆ ಕೂರುವ ಮೊದಲೇ ಮನೆಯ ಚಾವಣಿ ನೋಡಿ, "ಸ್ಮೋಕ್ ಅಲಾರಮ್ಮಿಗೆ ಬ್ಯಾಟರಿ ಹಾಕಿದ್ದು ಯಾವಾಗ?" ಎಂದು ಕೇಳುವವನಿಗೆ ಏನು ಹೇಳೋಣ? ಪಾರ್ಕಿನಲ್ಲಿ ಬಾರ್ಬೆಕ್ಯೂ ಒಲೆ ಹಚ್ಚಿದರೆ ಗ್ಯಾಸಿನ ಪೈಪನ್ನು ಮೂಸಿ ನೋಡುತ್ತಾನೆ. ಏಣಿ ಹತ್ತಿದವರನ್ನು ಕಂಡರೆ ಕೆಳಗೆ ಹೋಗಿ ಏಣಿ ಹಿಡಿದುಕೊಂಡು ನಿಲ್ಲುತ್ತಾನೆ, ಗುರುತಿರಲಿ ಬಿಡಲಿ. "ಸತ್ಯಪ್ರಕಾಶ್ ಬಂದ್ರು, ಹೆಲ್ಮೆಟ್ ಹಾಕ್ಕೊಳ್ರಪ್ಪಾ" ಎಂದು ಗೆಳೆಯರು ಎದುರಿಗೇ ಛೇಡಿಸುತ್ತಾರೆ. ಅವನೂ ನಗುತ್ತಾನೆ, ಆದರೆ ಕೈ ಏಣಿಯ ಮೇಲೇ ಇರುತ್ತದೆ.

ಅವನ ಹೊಟ್ಟೆಪಾಡೇ ಅದು. ಉತ್ತರದ ಮರುಭೂಮಿಯ ಒಂದು ಕಬ್ಬಿಣದ ಗಣಿಯಲ್ಲಿ ಸುರಕ್ಷತೆಯ ಅಧಿಕಾರಿ. ಎರಡು ವಾರ ಗಣಿ, ಒಂದು ವಾರ ಮನೆ. ಹತ್ತೊಂಬತ್ತು ವರ್ಷದಿಂದ ಹೀಗೇ ವಿಮಾನದಲ್ಲಿ ಹೋಗಿ ಬಂದು ಮಾಡಿಕೊಂಡಿದ್ದಾನೆ. ಹುಟ್ಟಿದ್ದು ಕೆ.ಜಿ.ಎಫ್‌ನ ಗಣಿ ಕಾಲೊನಿಯಲ್ಲಿ. ಬೆರಳಿಲ್ಲದ ಕೈ, ಕುಂಟುವ ಕಾಲು ನೋಡುತ್ತಲೇ ಬೆಳೆದವನು. ಹಾಗಾಗಿ ಅವನ ಅತಿಯನ್ನು ಕ್ಷಮಿಸಿಬಿಡಬಹುದು.

ಇಂಥವನೇ ಒಂದು ಬೆಳಗ್ಗೆ, ನೆಟ್ಟಗೆ ನಿಂತುಕೊಂಡು, ಬಾಯ್ತುಂಬ ನಗುತ್ತ, ಕಟ್ಟಿಕೊಂಡ ಹೆಂಡತಿಯ ಕಣ್ಣು ಕಳೆಯುವುದರಲ್ಲಿದ್ದ ಅಂದರೆ ನಂಬುತ್ತೀರಾ? ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಗೆ ಬಿತ್ತು ಅನ್ನುತ್ತಾರಲ್ಲ, ಹಾಗೆ. ಗುಟ್ಟೇನೂ ಅಲ್ಲ ಇದು. ಈಗ ಅವನೇ ಕಂಡಕಂಡವರನ್ನು ಹಿಡಿದು ನಿಲ್ಲಿಸಿ ಹೇಳುತ್ತಾನೆ.

ಮೊದಲು ಕಮಲಾಳ ವಿಷಯ ಹೇಳಬೇಕು. ನಂಜನಗೂಡಿನ ಹುಡುಗಿ. ಒಂಬತ್ತನೆಯ ವಯಸ್ಸಿನಲ್ಲಿ ಬೀದಿಯ ಹುಡುಗರು ಆಡುತ್ತಿದ್ದ ಚಿನ್ನಿ ಹಾರಿಬಂದು ಎಡಗಣ್ಣಿಗೆ ಬಡಿಯಿತು. ಕಣ್ಣು ಉಳಿಯಿತು, ದೃಷ್ಟಿ ಹೋಯಿತು. ಸತ್ಯಪ್ರಕಾಶ ಹೆಣ್ಣು ನೋಡಲು ಹೋದ ದಿನ ಅವಳಪ್ಪ ಉಪ್ಪಿಟ್ಟು ಬರುವ ಮೊದಲೇ ಹೇಳಿಬಿಟ್ಟರು: "ಮುಚ್ಚುಮರೆ ಬೇಡ ನೋಡಿ. ನಮ್ಮ ಹುಡುಗಿಗೆ ಒಂದು ಕಣ್ಣು ಕಾಣಲ್ಲ." ಆಮೇಲೆ ಹುಡುಗಿ ಬಂದು ಕಾಫಿ ಬಗ್ಗಿಸಿದಳು. ಒಂದೇ ಕಣ್ಣಿದ್ದವರಿಗೆ ಲೋಟ ಎಷ್ಟು ದೂರದಲ್ಲಿದೆ ಅನ್ನುವುದು ಸರಿಯಾಗಿ ತಿಳಿಯುವುದಿಲ್ಲವಂತೆ. ಅವಳು ಕಿರುಬೆರಳನ್ನು ಲೋಟದ ಅಂಚಿಗೆ ಮೆಲ್ಲಗೆ ತಾಗಿಸಿ, ಗುರುತು ಹಿಡಿದುಕೊಂಡು ಬಗ್ಗಿಸಿದಳು. ಒಂದು ತೊಟ್ಟು ಚೆಲ್ಲಲಿಲ್ಲ. ಸತ್ಯಪ್ರಕಾಶ ಆ ಬೆರಳನ್ನೇ ನೋಡುತ್ತಿದ್ದ. ದಾರಿಯಲ್ಲಿ ತಾಯಿ ಕೇಳುವ ಮುಂಚೆಯೇ "ಆಗಲಿ" ಅಂದ.

ಪರ್ತ್‌ಗೆ ಬಂದಮೇಲೆ ಅವಳು ಡಾಕ್ಟರ ಕಾಗದ ತೋರಿಸಿ ಡ್ರೈವಿಂಗ್ ಪರೀಕ್ಷೆಗೆ ಕೂತಳು, ಒಂದೇ ಸಲಕ್ಕೆ ಪಾಸಾದಳು. ಎರಡು ಕಣ್ಣಿನ ಯಜಮಾನರು ಎರಡು ಸಲ ಫೇಲಾದರು. ಈಗ ಒಂದು ಶಾಲೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಾಳೆ, ಊರೆಲ್ಲ ಕಾರು ಓಡಿಸುತ್ತಾಳೆ. ಯಾರ ಅನುಕಂಪವೂ ಅವಳಿಗೆ ಬೇಕಾಗಿಲ್ಲ. ಸತ್ಯಪ್ರಕಾಶ ಮಾತ್ರ ಆ ಉಳಿದ ಕಣ್ಣೊಂದನ್ನು ನಿಧಿಯ ಹಾಗೆ ಕಾಯುತ್ತ ಬಂದಿದ್ದಾನೆ. ಒಲೆಯ ಪಕ್ಕದಲ್ಲೇ ಗಣಿಯ ಕನ್ನಡಕ ನೇತುಹಾಕಿದ್ದಾನೆ, ಒಗ್ಗರಣೆ ಸಿಡಿದರೆ ಎಂದು. "ಸಾಸಿವೆಗೂ ಪರ್ಮಿಟ್ ಬೇಕಾ ರೀ ನಿಮ್ಮನೇಲಿ?" ಎಂದು ಅವಳು ಗೊಣಗುತ್ತಾಳೆ. ಗೊಣಗಿಕೊಂಡೇ ಹಾಕಿಕೊಳ್ಳುತ್ತಾಳೆ.

ಕಳೆದ ವರ್ಷದ ಕೊನೆಯಲ್ಲಿ ಪಕ್ಕದ ಬೀದಿಯಲ್ಲಿ ಯಾರೋ ಮನೆಯ ಹಳೆ ಸಾಮಾನು ಮಾರುತ್ತಿದ್ದ ಗರಾಜ್ ಸೇಲ್‌ನಲ್ಲಿ ಅವನ ಕಣ್ಣಿಗೆ ಒಂದು ಹಳೆಯ ಟೆಲಿಸ್ಕೋಪ್ ಬಿತ್ತು. ಕನ್ನಡಿಯದು. ನಾಲ್ಕೂವರೆ ಅಂಗುಲದ ಕನ್ನಡಿ, ಬಿಳಿಯ ಕೊಳವೆ, ಮೂರು ಕಾಲಿನ ಸ್ಟ್ಯಾಂಡು. ಗಣಿಯ ಆಕಾಶದಲ್ಲಿ ಹತ್ತೊಂಬತ್ತು ವರ್ಷ ನಕ್ಷತ್ರ ನೋಡಿ ನೋಡಿ ಅವನಿಗೊಂದು ಆಸೆ ಇತ್ತು. ಮನೆಗೆ ತಂದವನೇ ಕೊಳವೆಯ ತೆರೆದ ಬಾಯಲ್ಲಿ ಇಣುಕಿದ. ತನ್ನದೇ ಮೂಗು ಕುಂಬಳಕಾಯಿ ಗಾತ್ರಕ್ಕೆ ಕಂಡಿತು. ಕಮಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಫೋನಿನಲ್ಲಿ ವಿಡಿಯೊ ನೋಡಿ ತಿಳಿದುಕೊಂಡ: ಬೆಳಕು ಬಾಯಿಂದ ಒಳಗೆ ಹೋಗಿ, ತಳದ ಕನ್ನಡಿಗೆ ಬಡಿದು ಮೇಲಕ್ಕೆ ಮರಳಿ, ಅಲ್ಲಿ ಓರೆಯಾಗಿ ಕೂತ ಪುಟ್ಟ ಕನ್ನಡಿಯಿಂದ ಪಕ್ಕಕ್ಕೆ ತಿರುಗುತ್ತದೆ. ಕಣ್ಣಿಡಬೇಕಾದ್ದು ಪಕ್ಕದಲ್ಲಿರುವ ಗಾಜಿಗೆ.

ಪೆಟ್ಟಿಗೆಯಲ್ಲಿ ಇನ್ನೊಂದು ವಸ್ತು ಇತ್ತು. ರೂಪಾಯಿ ನಾಣ್ಯದಷ್ಟಗಲದ, ಕಡುಹಸಿರು ಬಣ್ಣದ ಗಾಜು. ಅಂಚಿನಲ್ಲಿ ಇಂಗ್ಲಿಷಿನಲ್ಲಿ 'ಸನ್' ಎಂದು ಕೆತ್ತಿತ್ತು. ಕಣ್ಣಿಡುವ ಗಾಜಿಗೆ ಅದನ್ನು ತಿರುಗಿಸಿ ಕೂರಿಸಿಕೊಳ್ಳಬಹುದಿತ್ತು. ಜೊತೆಗೆ ಒಂದು ಚೂರು ಕಾಗದ ಇರಲಿಲ್ಲ. ಗಣಿಯಲ್ಲಿ ಊರುಕೇರಿ ಗೊತ್ತಿಲ್ಲದ ಒಂದು ಸ್ಪ್ಯಾನರ್ ಸಿಕ್ಕರೂ ಕೆಂಪು ಚೀಟಿ ಕಟ್ಟಿ ಬೀರುವಿಗೆ ಹಾಕುವ ಪುಣ್ಯಾತ್ಮ, ಮನೆಯಲ್ಲಿ "ಸೂರ್ಯ ಅಂತ ಬರೆದಿದೆ, ಅಂದ್ಮೇಲೆ ಸೂರ್ಯನನ್ನ ನೋಡೋಕೆ" ಅಂದುಕೊಂಡ. ಬುದ್ಧಿ ಅನ್ನುವುದು ಗಣಿಯ ಗೇಟಿನಲ್ಲೇ ಉಳಿದುಬಿಟ್ಟಿತ್ತೇನೋ.

ಜನವರಿ ಮುಗಿಯುವ ಹೊತ್ತಿಗೆ ರಥಸಪ್ತಮಿ ಬಂತು. ಭಾನುವಾರ, ಅವನ ಮನೆಯ ವಾರ. ಕಮಲಾಳಿಗೆ ಆ ಹಬ್ಬ ಬಲು ಮುಖ್ಯ. ಒಂದು ಕಣ್ಣು ಉಳಿಸಿಕೊಟ್ಟ ಎಂದು ಅವಳ ತಾಯಿ ಸೂರ್ಯನಾರಾಯಣನಿಗೆ ಹೊತ್ತ ಹರಕೆ, ಈಗ ಅವಳದು. ಸ್ನಾನಕ್ಕೆ ಎಕ್ಕದೆಲೆ ಬೇಕು. ಬ್ರಿಸ್ಬೇನಿನ ಸನ್ನಿಬ್ಯಾಂಕ್ ಬಡಾವಣೆಯಲ್ಲಿರುವ ಅವಳ ಅಣ್ಣ ಸತೀಶ "ನಾನು ಪೋಸ್ಟ್ ಮಾಡ್ತೀನಿ ಬಿಡಮ್ಮ" ಅಂದಿದ್ದ. "ಬೇಡ ಮಾರಾಯ, ಬೇರೆ ರಾಜ್ಯದಿಂದ ಎಲೆಗಿಲೆ ಕಳಿಸಿದ್ರೆ ಇಲ್ಲಿ ಹಿಡೀತಾರೆ, ನಿನ್ನ ಭಾವ ಎದೆ ಒಡ್ಕೊಂಡು ಸಾಯ್ತಾರೆ" ಎಂದು ಅವಳೇ ತಡೆದಳು. ಹಿತ್ತಲಿನ ದೇವಗಣಗಿಲೆಯ ಎಲೆ ಕಿತ್ತು ತಲೆ, ಭುಜಗಳ ಮೇಲೆ ಇಟ್ಟುಕೊಂಡು ಸ್ನಾನ ಮಾಡಿದಳು. ಅದರಲ್ಲೂ ಹಾಲು ಬರುತ್ತದಲ್ಲ, ದೇವರು ಅಡ್ಜಸ್ಟ್ ಮಾಡಿಕೊಳ್ಳುತ್ತಾನೆ ಅನ್ನುವುದು ಅವಳ ಲೆಕ್ಕ.

ಆಮೇಲೆ ಹಾಲು ಉಕ್ಕಿಸುವುದು. ಬಿಸಿಲು ಬೀಳುವ ಕಡೆ, ಬೆರಣಿಯ ಬೆಂಕಿಯ ಮೇಲೆ ಹಾಲಿಟ್ಟು, ಉಕ್ಕಿ ಚೆಲ್ಲಿದ ಮೇಲೆ ಅದರಲ್ಲೇ ಪಾಯಸ ಮಾಡಬೇಕು. ಆ ದಿನ ಪರ್ತ್‌ಗೆಲ್ಲ ಫೈರ್ ಬ್ಯಾನ್, ಬಯಲಲ್ಲಿ ಬೆಂಕಿ ಹಚ್ಚುವಂತಿಲ್ಲ. ಬೆರಣಿ ಬಿಡಿ, ಊದುಬತ್ತಿ ಹೊರಗೆ ಹಚ್ಚಲೂ ಸತ್ಯಪ್ರಕಾಶ ಬಿಡಲಿಲ್ಲ. ಕರೆಂಟಿನ ಸಣ್ಣ ಒಲೆಗೆ ಉದ್ದದ ವೈರು ಎಳೆದು, ವೈರನ್ನು ಎರಡೆರಡು ಸಲ ಪರೀಕ್ಷೆ ಮಾಡಿ, ಹಿತ್ತಲ ಕಲ್ಲುಹಾಸಿನ ಮೇಲೆ ಇಟ್ಟುಕೊಟ್ಟ. ಅವಳು ಪಾತ್ರೆಗೆ ಅರಿಶಿನದ ದಾರ ಕಟ್ಟಿ, ಹಾಲು ಹಾಕಿ, ಸಣ್ಣ ಉರಿಯಲ್ಲಿಟ್ಟು ಎದುರು ಕೂತಳು.

ಅಷ್ಟರಲ್ಲಿ ಇವನು ಟೆಲಿಸ್ಕೋಪ್ ತಂದು ನಿಲ್ಲಿಸಿದ್ದ. ಸಂಭ್ರಮ ನೋಡಬೇಕಿತ್ತು! ಮೂವತ್ತು ವರ್ಷ ಅವಳು ಕೈಮುಗಿದ ಸೂರ್ಯನನ್ನು ಹತ್ತಿರದಿಂದ ತೋರಿಸುತ್ತೇನೆ, ಹಬ್ಬದ ದಿನವೇ ತೋರಿಸುತ್ತೇನೆ ಅನ್ನುವುದು ಅವನ ಮನಸ್ಸಿನಲ್ಲಿ ವಾರದಿಂದ ಇತ್ತು. ಹಸಿರು ಗಾಜು ಕೂರಿಸಿದ. ಕೊಳವೆಯ ನೆರಳು ನೆಲದ ಮೇಲೆ ಗುಂಡಗೆ ಪುಟ್ಟದಾಗುವವರೆಗೆ ತಿರುಗಿಸಿದ. ಮೊದಲು ತಾನೇ ಒಂದು ಕ್ಷಣ ಕಣ್ಣಿಟ್ಟು ನೋಡಿದ. ಹಸಿರು ಬಣ್ಣದ ದುಂಡಗಿನ ಸೂರ್ಯ, ಅಂಚು ಕೊರೆದಿಟ್ಟ ಹಾಗೆ. ಕಣ್ಣಿಗೆ ತಂಪಾಗಿತ್ತು.

"ಕಮಲಾ, ಬಾ ಬೇಗ! ಏನ್ ಚೆನ್ನಾಗಿ ಕಾಣ್ತಿದೆ ಗೊತ್ತಾ!"

"ಇರಿ, ಹಾಲು ಉಕ್ಕಲಿ."

"ಹಾಲು ಎಲ್ಲಿಗೆ ಓಡಿಹೋಗತ್ತೆ? ಒಂದೇ ನಿಮಿಷ ಬಂದು ನೋಡಿ ಹೋಗು."

"ಸೂರ್ಯ ಎಲ್ಲಿಗೆ ಓಡಿಹೋಗ್ತಾನೆ?"

ಓಡಿಹೋಗುತ್ತಿದ್ದ. ಅದೇ ತೊಂದರೆ. ಸೂರ್ಯ ಕ್ಷಣಕ್ಕಷ್ಟು ಜರುಗುತ್ತಿದ್ದ, ಇವನು ನೆರಳು ನೋಡಿಕೊಂಡು ಕೊಳವೆಯನ್ನು ಅಷ್ಟಷ್ಟೇ ತಳ್ಳಿ ಮತ್ತೆ ನಡುವಿಗೆ ತರುತ್ತಿದ್ದ. ಹೀಗೆ ಐದು ನಿಮಿಷ, ಆರು ನಿಮಿಷ. ಅಷ್ಟೂ ಹೊತ್ತು ನಾಲ್ಕೂವರೆ ಅಂಗುಲದ ಕನ್ನಡಿ ಪರ್ತ್‌ನ ಬೇಸಿಗೆಯ ಬಿಸಿಲನ್ನೆಲ್ಲ ಒಟ್ಟುಮಾಡಿ ಆ ನಾಣ್ಯದಗಲದ ಗಾಜಿನ ಮೇಲೆ ಸುರಿಯುತ್ತಿತ್ತು. ಅವನಿಗೆ ಅದು ಹೊಳೆಯಲೇ ಇಲ್ಲ. ಮತ್ತೆ ಕೂಗಿದ. ಈ ಸಲ ಅವನ ದನಿಯಲ್ಲಿ ಬೇಸರ ಇತ್ತು.

ಪಾಪ, ಇಷ್ಟು ಆಸೆಯಿಂದ ಕರೆಯುತ್ತಿದ್ದಾರೆ ಎಂದು ಅವಳು ಎದ್ದುಬಂದಳು. ಒದ್ದೆ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡಳು. "ಎಲ್ಲಿ ನೋಡ್ಬೇಕು, ಇಲ್ಲಾ?" ಎಂದು ಬಗ್ಗಿದಳು. ಗಾಜಿಗೂ ಅವಳ ಕಣ್ಣಿಗೂ ಒಂದು ಗೇಣು ಉಳಿದಿತ್ತು.

"ಅಯ್ಯೋ, ಉಕ್ತು ಉಕ್ತು!"

ಸೆರಗು ಎತ್ತಿಕೊಂಡು ಓಡಿದಳು. ಹಾಲು ಯಾವ ದಿಕ್ಕಿಗೆ ಚೆಲ್ಲುತ್ತದೆ ಅನ್ನುವುದನ್ನು ನೋಡಬೇಕಲ್ಲ! ಅವಳ ಬೆನ್ನು ತಿರುಗಿ ಎರಡು ಹೆಜ್ಜೆ ಆಗಿತ್ತೋ ಇಲ್ಲವೋ, 'ಟಪ್' ಎಂದು ಸದ್ದಾಯಿತು. ಹಸಿರು ಗಾಜು ಅಡ್ಡಕ್ಕೆ ಸೀಳಿತು. ಅವಳು ಮುಖ ತಂದಿದ್ದ ಜಾಗದಲ್ಲಿ ಒಂದು ಬೆಳ್ಳನೆಯ ಬೆಂಕಿ ನಿಂತಿತ್ತು. ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಸತ್ಯಪ್ರಕಾಶ ಅಂಗೈ ಅಡ್ಡ ಹಿಡಿದ. ಚುರ್ ಎಂದಿತು. ಇನ್ನೊಂದು ಕೈಯಿಂದ ಕೊಳವೆಯನ್ನು ನೆಲಕ್ಕೆ ತಿರುಗಿಸಿದ.

"ಪೂರ್ವಕ್ಕೇ ಉಕ್ತು ರೀ!" ಎಂದು ಅವಳು ಅಲ್ಲಿಂದ ಕೂಗಿದಳು. ಮುಖ ಊರಗಲ ಅರಳಿತ್ತು. "ಬಂದೆ ಇರಿ, ಈಗ ತೋರ್ಸಿ."

"ಬೇಡ. ಮೋಡ ಬಂತು."

ಅವಳು ತಲೆಯೆತ್ತಿ ನೋಡಿದಳು. ಪರ್ತ್‌ನ ಜನವರಿಯ ಆಕಾಶ. ಹುಡುಕಿದರೂ ಒಂದು ಬಿಳಿ ಎಳೆ ಇರಲಿಲ್ಲ. ಗಂಡನ ಮುಖ ನೋಡಿದಳು. ಹಾಲಿಗೆ ಅಕ್ಕಿ ಹಾಕಲು ಹೋದಳು.

ಪಾಯಸ ಬಡಿಸಿದಾಗ ಅವನು ಚಮಚ ಹಿಡಿಯಲಾರದೆ ಕೆಳಗಿಟ್ಟ. ಅಂಗೈಯಲ್ಲಿ ಹೆಸರುಕಾಳಿನಷ್ಟು ಬೊಬ್ಬೆ ಎದ್ದಿತ್ತು. ಆಗ ಹೇಳಿದ, ಒಂದೂ ಬಿಡದೆ. ಒಡೆದ ಗಾಜನ್ನು ತಂದು ಮೇಜಿನ ಮೇಲಿಟ್ಟ. ಕಮಲಾ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ಇಟ್ಟಳು.

"ಇರೋದೊಂದು" ಅಂದಳು ಕೊನೆಗೆ. "ಸಾಸಿವೆ ಸಿಡಿಯತ್ತೆ ಅಂತ ಕನ್ನಡಕ ಹಾಕ್ಸೋರು ನೀವು. ನೀವು ಕರೆದ್ರಿ ಅಂತ ತಾನೇ ಬಂದೆ? ಬೇರೆ ಯಾರು ಕರೆದಿದ್ರೂ ಕೇಳ್ತಿದ್ದೆ, ಇದು ಸರಿಯಾಗಿದೆಯಾ ಅಂತ. ನಿಮ್ಮನ್ನ ಕೇಳ್ಲಿಲ್ಲ." ಅಷ್ಟು ಹೇಳಿ ಎದ್ದುಹೋಗಿ ಪಾತ್ರೆ ತೊಳೆಯಲು ನಿಂತಳು. ನಲ್ಲಿಯ ನೀರಿನ ಸದ್ದಿನಲ್ಲಿ ಅವಳು ಅತ್ತದ್ದು ಅವನಿಗೆ ಗೊತ್ತಾಯಿತು. ಅವನೂ ಅತ್ತ. ಆ ಪಾತ್ರೆಗೆ, ಆ ಹಾಲಿಗೆ, ಸಣ್ಣ ಉರಿಯಲ್ಲೇ ಇಟ್ಟ ಅವಳ ತಾಳ್ಮೆಗೆ ಅಡ್ಡಬೀಳಬೇಕೆನಿಸಿತು. ಎರಡು ಹೆಜ್ಜೆ! ಹಾಲು ಅರೆಗಳಿಗೆ ತಡವಾಗಿದ್ದರೆ?

ಸಂಜೆ ಅಡಿಲೇಡಿಗೆ ಫೋನಾಯಿತು. ಮಗಳು ಗಗನಾ ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯಲ್ಲಿ ಹೊಸ ಡಾಕ್ಟರು. ಅಪ್ಪ ಕನ್ನಡದಲ್ಲಿ ಒಪ್ಪಿಕೊಂಡದ್ದನ್ನೆಲ್ಲ ಕೇಳಿ, "ಡ್ಯಾಡ್, ಆರ್ ಯೂ ಸೀರಿಯಸ್?" ಅಂದವಳು ಆಮೇಲೆ ಇಂಗ್ಲಿಷಿನಲ್ಲೇ ಹತ್ತು ನಿಮಿಷ ಝಾಡಿಸಿದಳು. ರೆಟಿನಾ ಸುಟ್ಟರೆ ನೋವೇ ಆಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಮುಗಿದಿರುತ್ತದೆ, ನೀನೂ ನೋಡಿದೆಯಲ್ಲ, ನಾಳೆಯೇ ಹೋಗಿ ಕಣ್ಣು ಪರೀಕ್ಷೆ ಮಾಡಿಸು ಎಂದಳು. ಮಾಡಿಸಿದ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ. ದೇವರು ದೊಡ್ಡವನು.

ಗಣಿಗೆ ಮರಳಿದ. ಅಲ್ಲಿ ಒಂದು ನಿಯಮ ಇದೆ, ಅವನೇ ಎಲ್ಲರ ತಲೆಗೆ ಹೊಡೆದು ಹೇಳಿಕೊಟ್ಟದ್ದು: ಆದ ಅಪಘಾತವನ್ನಷ್ಟೇ ಅಲ್ಲ, ಕೂದಲೆಳೆಯಲ್ಲಿ ತಪ್ಪಿದ್ದನ್ನೂ ಎಲ್ಲರ ಮುಂದೆ ಹೇಳಬೇಕು. ಬೆಳಗಿನ ಪಾಳಿ ಶುರುವಾಗುವ ಮೊದಲು ಎಪ್ಪತ್ತು ಜನ ಕಿತ್ತಳೆ ಅಂಗಿ ತೊಟ್ಟು ನಿಲ್ಲುವ ಸಭೆಯಲ್ಲಿ ಸತ್ಯಪ್ರಕಾಶ ಎದ್ದು ನಿಂತ. ಮನೆಯ ವಿಷಯ, ಹೇಳದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹೇಳಿದ. ಗಾಜು ಎಲ್ಲಿಯದೆಂದು ವಿಚಾರಿಸಲಿಲ್ಲ ಅಂದ, ಇರಿ ಎಂದವಳನ್ನು ಆತುರಪಡಿಸಿದೆ ಅಂದ, ನನ್ನ ಹೆಂಡತಿಗೆ ಇರುವುದು ಒಂದೇ ಕಣ್ಣು ಅಂದ. ಯಾರೂ ನಗಲಿಲ್ಲ. ಹಿಂದಿನಿಂದ ಯಾರೋ "ಅವರು ಚೆನ್ನಾಗಿದ್ದಾರೆ ತಾನೇ?" ಎಂದು ಕೇಳಿದರು. ಚೆನ್ನಾಗಿದ್ದಾಳೆ ಅಂದ.

ಅಂದು ಪಾಳಿ ಮುಗಿದ ಮೇಲೆ ಅದಿರಿನ ಲಾರಿ ಓಡಿಸುವ ಶೆರಿಲ್ ಎಂಬ ಹೆಂಗಸು ಅವನನ್ನು ಹುಡುಕಿಕೊಂಡು ಬಂದಳು. ಐವತ್ತೈದರ ಒರಟು ಕೈಯವಳು, ಕ್ಯಾಂಪಿನ ಕೋಣೆಯಲ್ಲಿ ತನ್ನದೇ ಒಂದು ಟೆಲಿಸ್ಕೋಪ್ ಇಟ್ಟುಕೊಂಡಿದ್ದವಳು. ಆ ಗಾಜಿನ ಮೇಲೆ ಬೂಟು ಹಾಕಿ ತುಳಿದು ಪುಡಿಮಾಡು ಎನ್ನುವುದೇ ಅವಳ ಮೊದಲ ಪಾಠ. ಕಣ್ಣಿನ ಕಡೆ ಹಾಕುವ ಸೂರ್ಯನ ಗಾಜು ಯಾವತ್ತಿದ್ದರೂ ಒಡೆಯುವಂಥದ್ದೇ. ಬೆಳಕನ್ನು ತಡೆಯಬೇಕಾದ್ದು ಅದು ಒಳಗೆ ಬರುವ ಬಾಯಲ್ಲಿ. ಅದಕ್ಕೆಂದೇ ಮಾಡಿದ ಬೆಳ್ಳಿಹಾಳೆಯನ್ನು ಬಾಯಿಗೆ ಬಿಗಿಯಾಗಿ ಕಟ್ಟಿ, ಒಂದು ಸೂಜಿತೂತಾದರೂ ಇದೆಯೇ ಎಂದು ಪ್ರತಿಸಲ ನೋಡಿ, ಗುರಿ ಹಿಡಿಯಲು ಕೊಳವೆಯ ಪಕ್ಕದಲ್ಲಿರುವ ಪುಟ್ಟ ದುರ್ಬೀನಿಗೂ ಮುಚ್ಚಳ ಹಾಕಿಯೇ ಸೂರ್ಯನ ಕಡೆ ತಿರುಗಿಸಬೇಕು. ಅಷ್ಟು ತಾಳ್ಮೆ ಇಲ್ಲದವರು ಸಂಜೆಯ ಚಂದ್ರನನ್ನು ನೋಡಿಕೊಂಡು ಸುಖವಾಗಿರಲಿ ಎಂದಳು. ಎರಡು ವಾರ ಸಂಜೆ ಊಟಕ್ಕೆ ಮುಂಚೆ ಅವನಿಗೆ ಕಲಿಸಿದಳು. ಅವನು ಇವತ್ತಿಗೂ ಅವಳನ್ನು ಗುರುಗಳು ಅನ್ನುತ್ತಾನೆ. ಮನೆಯಿಂದ ಹೋಗುವಾಗೆಲ್ಲ ಅವಳಿಗೆ ಚಕ್ಕುಲಿ ಡಬ್ಬಿ ತಪ್ಪುವುದಿಲ್ಲ.

ಕಲಿತ ಹುರುಪಿನಲ್ಲಿ ಮನೆಗೆ ಬಂದು ಗರಾಜಿಗೆ ನುಗ್ಗಿದ. ಟೆಲಿಸ್ಕೋಪಿಗೆ ಹಳೆಯ ಸೀರೆ ಸುತ್ತಿತ್ತು. ಅದರ ಮೇಲೆ ಒಂದು ಕೆಂಪು ಚೀಟಿ ಜೋತಾಡುತ್ತಿತ್ತು, ಅವನದೇ ಚೀಲದ್ದು, ಗಣಿಯಲ್ಲಿ ಅಪಾಯದ ಯಂತ್ರಕ್ಕೆ ಕಟ್ಟುವಂಥದ್ದು. ಕಟ್ಟಿದವರ ಹೆಸರು ಎನ್ನುವ ಜಾಗದಲ್ಲಿ ದುಂಡಗೆ 'ಕಮಲಾ' ಎಂದು ಬರೆದಿತ್ತು.

ಸಿಕ್ಕಿಬಿದ್ದ ನೋಡಿ! ಆ ಚೀಟಿಯನ್ನು ಕಟ್ಟಿದವರೇ ಬಿಚ್ಚಬೇಕು. ಬೇರೆಯವರು ಬಿಚ್ಚಿದರೆ ಕೆಲಸ ಹೋಗುತ್ತದೆ. ಹಾಗೆ ಇಬ್ಬರನ್ನು ಮನೆಗೆ ಕಳಿಸಿದವನೂ ಇವನೇ. "ಒಂದ್ ಸಲ ನಾನು ಕಲಿತದ್ದನ್ನ ನೋಡು" ಎಂದು ಕೇಳಿಕೊಂಡ. "ನೋಡೋಣ" ಎಂದಳು ಕಮಲಾ. ಅವಳ 'ನೋಡೋಣ' ಅಂದರೆ ಏನೆಂದು ಮೂವತ್ತು ವರ್ಷದ ಗಂಡನಿಗೆ ಗೊತ್ತಿರುವುದಿಲ್ಲವೇ.

ಮುಟ್ಟುವಂತಿಲ್ಲವಾದ್ದರಿಂದ ಕೂತು ಬರೆದ. ಯಂತ್ರಕ್ಕೆ ಬರೆಯುವ ಹಾಗೆ ಎರಡು ಪುಟ: ಸೂರ್ಯ ಪೂರ್ತಿ ಮುಳುಗಿದ ಮೇಲೆಯೇ ಮುಚ್ಚಳ ತೆಗೆಯುವುದು, ಹುಲ್ಲಿನ ಮೇಲಲ್ಲ ಕಲ್ಲಿನ ಮೇಲೆ ಕಾಲೂರುವುದು, ಮುಕ್ಕಾಲು ಗಂಟೆ ಮೊದಲೇ ಹೊರಗಿಟ್ಟು ಕನ್ನಡಿಯ ಬಿಸಿ ಆರಲು ಬಿಡುವುದು, ಕನ್ನಡಿಯ ಧೂಳನ್ನು ಬಟ್ಟೆಯಿಂದ ಉಜ್ಜದಿರುವುದು. ಅವಳು ಅಡುಗೆಮನೆಯಲ್ಲಿ ನಿಂತೇ ಓದಿ, ಪೆನ್ನು ತೆಗೆದುಕೊಂಡು ಕೆಳಗೆ ಒಂದು ಸಾಲು ಸೇರಿಸಿದಳು: 'ನೋಡುವವರು ಇರಿ ಅಂದರೆ ಇರಬೇಕು.' ಅವನು ಅದರ ಕೆಳಗೆ ಸಹಿ ಹಾಕಿದ. ಚೀಟಿ ಮಾತ್ರ ಹಾಗೇ ಇತ್ತು. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ಅವನು ಮತ್ತೆ ಕೇಳಲಿಲ್ಲ. ಕೇಳುವ ಹಕ್ಕನ್ನು ತಾನೇ ಕಳೆದುಕೊಂಡಿದ್ದೇನೆ ಅನ್ನಿಸುತ್ತಿತ್ತು. ಅವಳು ಇನ್ನೆಂದೂ ತನ್ನ ಮಾತು ನಂಬಿ ಕಣ್ಣಿಡುವುದಿಲ್ಲವೇನೋ ಎನ್ನುವ ಭಯ ಟೆಲಿಸ್ಕೋಪಿಗಿಂತ ದೊಡ್ಡದಾಗಿ ಮನೆಯಲ್ಲಿ ಕೂತಿತ್ತು.

ಏಪ್ರಿಲ್‌ನಲ್ಲಿ ಗಗನಾ ನಾಲ್ಕು ದಿನಕ್ಕೆ ಬಂದಳು. ಒಂದು ಸಂಜೆ ಮೂವರೂ ಹಿತ್ತಲಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಸೂರ್ಯ ಮುಳುಗಿ ಆಗಿತ್ತು, ಮೇಲೆ ಅರ್ಧಚಂದ್ರ ಇದ್ದ. ಕಮಲಾ ಲೋಟ ಕೆಳಗಿಟ್ಟು ಎದ್ದಳು, ಗರಾಜಿಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ಕೆಂಪು ಚೀಟಿ ಇತ್ತು.

"ತಗೊಂಡ್ಬನ್ನಿ" ಅಂದಳು. "ಆ ಎರಡು ಪುಟಾನೂ ತನ್ನಿ, ನಾನು ಓದ್ತೀನಿ, ನೀವು ಮಾಡಿ."

ಅವಳು ಓದಿದಳು, ಅವನು ಮಾಡಿದ. ಕನ್ನಡಿ ಆರುವ ಮುಕ್ಕಾಲು ಗಂಟೆ ಮೂವರೂ ಸುಮ್ಮನೆ ಕಾದರು. ಅವನು ಮೊದಲು ನೋಡಿದ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು. ಆಮೇಲೆ ಗಗನಾ. ಅವಳಿಗೆ ಒಂದೇ ಕಣ್ಣು ಮುಚ್ಚುವುದು ಬಾರದು, ಮುಖವೆಲ್ಲ ಸೊಟ್ಟಗೆ ಮಾಡಿಕೊಂಡಳು, ಎರಡೂ ಮುಚ್ಚಿಹೋದವು, "ಐ ಕಾಂಟ್ ಸೀ ಎನಿಥಿಂಗ್!" ಎಂದು ಗೋಳಾಡಿದಳು. ಕೊನೆಗೆ ಅಮ್ಮನ ಸೆರಗನ್ನೇ ಎಳೆದು ಕಣ್ಣಿಗೆ ಅಡ್ಡ ಹಿಡಿದು ನೋಡಿದಳು.

"ಈಗ ನೀನು" ಎನ್ನಲು ಸತ್ಯಪ್ರಕಾಶನಿಗೆ ಧೈರ್ಯವಾಗಲಿಲ್ಲ. ಪಕ್ಕಕ್ಕೆ ಸರಿದು ನಿಂತ. ಕಮಲಾ ತಾನೇ ಬಂದಳು. ಕಿರುಬೆರಳನ್ನು ಗಾಜಿನ ಅಂಚಿಗೆ ತಾಗಿಸಿ ಗುರುತು ಹಿಡಿದುಕೊಂಡಳು, ಬಗ್ಗಿ ಬಲಗಣ್ಣಿಟ್ಟಳು. ಅಷ್ಟೇ. ಮುಚ್ಚುವ, ಕಿವುಚುವ, ಅಡ್ಡ ಹಿಡಿಯುವ ಕಷ್ಟ ಏನೂ ಇಲ್ಲ. ಬಹಳ ಹೊತ್ತು ಅಲ್ಲಾಡಲಿಲ್ಲ.

"ಕಮಲಾ? ಏನಾಯ್ತು?"

"ಸುಮ್ನಿರಿ." ಸ್ವಲ್ಪ ಹೊತ್ತು ಬಿಟ್ಟು, ಕಣ್ಣು ತೆಗೆಯದೆ, ಮೆಲ್ಲಗೆ ಅಂದಳು: "ಇದಕ್ಕೆ ಎಲ್ಲರಿಗೂ ಒಂದೇ ಕಣ್ಣು ಸಾಕು, ಅಲ್ವೇನ್ರೀ?"

ನಲವತ್ತೈದು ವರ್ಷ ಲೋಟಕ್ಕೆ ಬೆರಳು ತಾಗಿಸಿ, ಮೆಟ್ಟಿಲಿಗೆ ಕಾಲು ತಾಗಿಸಿ, ಎರಡು ಕಣ್ಣಿನವರ ಲೋಕದಲ್ಲಿ ಅಳತೆ ಹಿಡಿದುಕೊಂಡು ಬಂದವಳು ಅವಳು.

"ಸ್ವಲ್ಪ ಎಡಕ್ಕೆ ತಳ್ಳಿ" ಅಂದಳು. "ಚಂದ್ರ ಆಚೆ ಹೋಗ್ತಿದ್ದಾನೆ. ನಾನಿನ್ನೂ ನೋಡಿ ಮುಗಿಸಿಲ್ಲ."

ಅವನು ತಳ್ಳಿದ.